‘ದಿ ವಾಲ್’ ಅರ್ಧಕ್ಕೆ ಬಿಡದೆ ನೋಡುವುದು ಹೇಗೆ?

ಇಂಗ್ಲೆಂಡಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ (ಗೋಡೆ) ಸಿನಿಮಾ ಶುರು ಮಾಡಿ ಅರ್ಧಕ್ಕೆ ಬಿಟ್ಟವರು ನಮ್ಮ ಕಾಸರಗೋಡಿನಲ್ಲೂ ಇದ್ದಾರೆ. ಶಾಲೆ ಮಕ್ಕಳು ಒಟ್ಟಾಗಿ ಕೂಗುವ ಆ ಒಂದು ಹಾಡು ಗೊತ್ತು, ಅದು ಮುಗಿದ ಮೇಲೆ ಎಲ್ಲಾ ಗೋಜಲು. ಮಾತು ಬರುತ್ತದೆ ಎಂದು ಕಾದು ಕೂತರೆ ಹೀಗೇ ಆಗುವುದು. ಇದರಲ್ಲಿ ಮಾತು ತುಂಬಾ ಕಡಿಮೆ. ತಾಳಮದ್ದಳೆ ಕೇಳುವ ಕಿವಿಯನ್ನು ಮನೆಯಲ್ಲಿಟ್ಟು ಬನ್ನಿ. ಇಲ್ಲಿ ಅರ್ಥ ಹೇಳುವವರಿಲ್ಲ, ಪದ ಮಾತ್ರ, ಅಂದರೆ ಬರೀ ಹಾಡು.

ಹಾಗಾಗಿ ಹಿಂದಿನ ದಿನವೇ ಹಾಡುಗಳ ಸಾಹಿತ್ಯ ಹುಡುಕಿ ಒಮ್ಮೆ ಓದಿ. ನೋಡುವಾಗ ಸಬ್‌ಟೈಟಲ್ ಹಾಕಿಕೊಳ್ಳಿ. ಸಿನಿಮಾ ಇರುವುದು ಸುಮಾರು 95 ನಿಮಿಷ, ಮಧ್ಯೆ ಚಾಯಕ್ಕೆ ಏಳಬೇಡಿ. ಮಳೆಗಾಲದಲ್ಲಾದರೆ ಹೆಡ್‌ಫೋನ್ ಬೇಕೇ ಬೇಕು. ಶೀಟಿನ ಮೇಲೆ ಆಟಿ ಮಳೆ ಹೊಡೆಯುವಾಗ ಮೆಲ್ಲಗಿನ ಹಾಡು ಯಾವುದೂ ಕೇಳಿಸುವುದಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಡಿ, ಕರೆಂಟಿನ ಕತೆ ಗೊತ್ತಲ್ವಾ.

ಈಗ ಮುಖ್ಯ ವಿಷಯ. ಪಿಂಕ್ ಎಂಬ ರಾಕ್ ಗಾಯಕ ಹೋಟೆಲ್ ರೂಮಿನಲ್ಲಿ ಟಿವಿ ಮುಂದೆ ಕೂತಿದ್ದಾನೆ. ‘ಈಗ’ ನಡೆಯುವುದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ಒಂದೋ ಹಳೆಯ ನೆನಪು, ಇಲ್ಲವೋ ಅವನ ತಲೆಯೊಳಗಿನ ಭ್ರಮೆ. ಪ್ರತಿ ದೃಶ್ಯ ಬಂದಾಗ ಸುಮ್ನೆ ಕೇಳಿಕೊಳ್ಳಿ: ಇದು ರೂಮಾ, ನೆನಪಾ, ತಲೆಯೊಳಗಾ? ಜೆರಾಲ್ಡ್ ಸ್ಕಾರ್ಫ್ ಬಿಡಿಸಿದ ಕಾರ್ಟೂನ್ ಬಂತು ಎಂದರೆ ತಲೆಯೊಳಗೆ ಹೋದೆವು ಎಂದೇ ಲೆಕ್ಕ. ಪಿಂಕ್ ಸರ್ವಾಧಿಕಾರಿಯ ಹಾಗೆ ಭಾಷಣ ಬಿಗಿಯುವ ಭಾಗದಲ್ಲಿ ಮಾತ್ರ ಗೆರೆ ಅಳಿಸಿಹೋಗುತ್ತದೆ. ಅಲ್ಲಿ ತಲೆಕೆಡಿಸಿಕೊಳ್ಳಬೇಡಿ, ಅವನಿಗೂ ಗೊತ್ತಿಲ್ಲ.

ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಚಿತ್ರಕತೆ ತಂಡದವರೇ ಆದ ರೋಜರ್ ವಾಟರ್ಸ್ ಬರೆದದ್ದು. ಅವರ ಅಪ್ಪ 1944ರಲ್ಲಿ ಇಟಲಿಯ ಆಂಜಿಯೋದಲ್ಲಿ ಯುದ್ಧದಲ್ಲಿ ಸತ್ತರು, ಆಗ ರೋಜರ್ ಕೈಗೂಸು. 1977ರಲ್ಲಿ ಮಾಂಟ್ರಿಯಲ್‌ನಲ್ಲಿ ಕಾರ್ಯಕ್ರಮದ ನಡುವೆ ಗಲಾಟೆ ಮಾಡುತ್ತಿದ್ದ ಅಭಿಮಾನಿಯ ಮೇಲೆ ಅವರು ಉಗುಳಿದರು, ಆಮೇಲೆ ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ತನಗೂ ಜನರಿಗೂ ನಡುವೆ ಮನಸ್ಸಿನಲ್ಲೇ ಕಟ್ಟಿಕೊಳ್ಳುವ ಗೋಡೆಯ ಯೋಚನೆ ಬಂದದ್ದು ಅಲ್ಲಿಂದ. 1979ಕ್ಕೆ ಆಲ್ಬಂ, 1982ಕ್ಕೆ ಅಲನ್ ಪಾರ್ಕರ್ ನಿರ್ದೇಶನದಲ್ಲಿ ಸಿನಿಮಾ. ಪಿಂಕ್ ಹುಬ್ಬು ಬೋಳಿಸಿಕೊಳ್ಳುವ ದೃಶ್ಯ ನೋಡುವಾಗ ಸಿಡ್ ಬ್ಯಾರೆಟ್‌ರನ್ನು ನೆನಪಿಟ್ಟುಕೊಳ್ಳಿ. ತಂಡ ಕಟ್ಟಿದವರಲ್ಲಿ ಒಬ್ಬರು, ಮನಸ್ಸಿನ ಸ್ಥಿತಿ ಕೆಟ್ಟು 1968ರಲ್ಲಿ ಹೊರಗಾದರು, 1975ರಲ್ಲಿ ಹುಬ್ಬು ಬೋಳಿಸಿಕೊಂಡು ಸ್ಟುಡಿಯೋಗೆ ಬಂದಾಗ ಹಳೆಯ ಗೆಳೆಯರಿಗೇ ಗುರುತು ಸಿಗಲಿಲ್ಲ.

ಎರಡು ದೃಶ್ಯ ತಪ್ಪಿಸಬೇಡಿ. ಮೇಷ್ಟ್ರು ಹುಡುಗನ ಕವಿತೆ ಕಿತ್ತುಕೊಂಡು ತರಗತಿಯ ಮುಂದೆ ಓದಿ ಗೇಲಿ ಮಾಡುತ್ತಾರೆ, ಆ ಸಾಲುಗಳು ತಂಡದ್ದೇ ‘ಮನಿ’ ಹಾಡಿನವು! ಇನ್ನೊಂದು, ಪ್ರಜ್ಞೆಯೇ ಇಲ್ಲದ ಹಾಗೆ ಕೂತ ಪಿಂಕ್‌ಗೆ ಡಾಕ್ಟರ್ ಇಂಜೆಕ್ಷನ್ ಕೊಡುವುದು. ಮ್ಯಾನೇಜರ್ ಕರೆದುಕೊಂಡು ಬಂದ ಡಾಕ್ಟರ್. ಇವನಿಗೆ ಏನಾಗಿದೆ ಎಂದು ಯಾರಿಗೂ ಬೇಡ, ಸ್ಟೇಜಿಗೆ ಹತ್ತಿದರೆ ಸಾಕು. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಇಲ್ಲಿದೆ. ಕಾಯಿಲೆಯ ಹೆಸರನ್ನು ಸಿನಿಮಾ ಎಲ್ಲೂ ಹೇಳುವುದಿಲ್ಲ, ನಾವೂ ಹುಡುಕುವುದು ಬೇಡ. ಹೆಂಡತಿ, ಅಮ್ಮ ಇಬ್ಬರನ್ನೂ ಬರೀ ಗೋಡೆಯ ಕಲ್ಲು ಮಾಡಿದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಅವರ ಕಡೆಯ ಮಾತು ಯಾರು ಕೇಳಿದರು?

ಮಕ್ಕಳನ್ನು ಕೂರಿಸಬೇಡಿ. ಬ್ಲೇಡು, ರಕ್ತ, ಮಾದಕ ವಸ್ತು ಎಲ್ಲಾ ಇದೆ. ಮನಸ್ಸು ಕುಗ್ಗಿರುವ ಗೆಳೆಯರಿದ್ದರೆ ಅವರಿಗೂ ಈಗ ಬೇಡ. ಅವರ ಫೋನಿನಲ್ಲಿ ಮನಸ್ಸಿನ ತೊಂದರೆಗೆ ನೆರವಾಗುವ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇರಲಿ, ಸರ್ಕಾರದ್ದು, ದುಡ್ಡಿಲ್ಲ.

ಮುಗಿದ ಮೇಲೆ ಆಲ್ಬಂ ಕೇಳಿ. ಸಿನಿಮಾದಲ್ಲಿ ಕೈಬಿಟ್ಟ ‘ಹೇ ಯೂ’ ಅದರಲ್ಲಿದೆ. ರಿಪೀಟ್ ಹಾಕಿಡಿ, ಯಾಕೆಂದರೆ ಕೊನೆಯಲ್ಲಿ ಅರ್ಧಕ್ಕೆ ತುಂಡಾದ ಮಾತಿನ ಉಳಿದರ್ಧ ಇರುವುದು ಮೊದಲ ಹಾಡಿನ ಶುರುವಿನಲ್ಲಿ.