ಮನೆಯಲ್ಲೇ ಆಂಟಿಬಯಾಟಿಕ್ ಡ್ರಿಪ್: ಲೈನಿನ ಬಾಯಿ ಕಾಯುವುದು ಹೇಗೆ

ಮೂಳೆಯ ಸೋಂಕಿಗೆ ಸಾಮಾನ್ಯವಾಗಿ 6 ವಾರ, ಹೃದಯ ಕವಾಟದ ಸೋಂಕಿಗೆ 4ರಿಂದ 6 ವಾರ ಆಂಟಿಬಯಾಟಿಕ್ ಬೇಕು. ಜ್ವರ ಇಳಿದು, ರಕ್ತದೊತ್ತಡ ಸ್ಥಿರವಾಗಿ, ಊಟ ಸೇರತೊಡಗಿದ ಮೇಲೆ ಎಷ್ಟೋ ರೋಗಿಗಳು ಆಸ್ಪತ್ರೆಯಲ್ಲಿ ಉಳಿಯುವುದು ದಿನಕ್ಕೆ ಒಂದೆರಡು ಸಲ ಹಾಕುವ ಡ್ರಿಪ್‌ಗಾಗಿ ಮಾತ್ರ. ಆ ಕೆಲಸ ಮನೆಯಲ್ಲೂ ಆಗುತ್ತದೆ. 1974ರಲ್ಲಿ ಅಮೆರಿಕದಿಂದ, ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಹುಟ್ಟುಕಾಯಿಲೆ) ರೋಗಿಗಳಿಗೆ ಆಸ್ಪತ್ರೆಯ ಹೊರಗೆ ರಕ್ತನಾಳದ ಮೂಲಕ ಔಷಧ ಕೊಟ್ಟ ವರದಿ ಬಂದಾಗಿನಿಂದ ಈ ಕ್ರಮ ಬೆಳೆದುಬಂದಿದೆ.

ಮನೆಯವರು ಹೆದರುವುದು ಔಷಧಕ್ಕೆ. ನಿಜವಾಗಿ ಕಾಯಬೇಕಾದ್ದು ಲೈನಿನ, ಅಂದರೆ ರಕ್ತನಾಳದೊಳಗೆ ಹಾಕಿಟ್ಟ ತೆಳು ಕೊಳವೆಯ, ಬಾಯಿಯನ್ನು. ಚರ್ಮ ತಡೆಯುವ ಸೂಕ್ಷ್ಮಜೀವಿಗಳಿಗೆ ಲೈನು ನೇರ ರಕ್ತಕ್ಕೆ ತೆರೆದ ಬಾಗಿಲು. ಒಂದು ಸೋಂಕು ವಾಸಿಮಾಡಲು ಹೋಗಿ ಇನ್ನೊಂದನ್ನು ಒಳಗೆ ಬಿಟ್ಟುಕೊಂಡರೆ ಮೊದಲಿನದಕ್ಕಿಂತ ಕಷ್ಟ. ಹೀಗಾಗಿ ಕೆಳಗಿನ ವಿವರದಲ್ಲಿ ಹೆಚ್ಚು ಪಾಲು ಕೈ, ಕನೆಕ್ಟರ್ (ಸಿರಿಂಜ್, ಡ್ರಿಪ್ ಜೋಡಿಸುವ ಲೈನಿನ ಹೊರತುದಿ), ಫ್ಲಷ್ (ಸಲೈನ್ ಎಂಬ ಉಪ್ಪುನೀರು ತಳ್ಳಿ ಲೈನು ತೊಳೆಯುವುದು) ಬಗ್ಗೆಯೇ ಇದೆ.

ಹೊರಡುವ ಮೊದಲು

ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಮಾತ್ರೆಯಲ್ಲೇ ಆಗುವುದಿಲ್ಲವೇ? 2019ರಲ್ಲಿ ಪ್ರಕಟವಾದ ಒವಿವಾ ಅಧ್ಯಯನದಲ್ಲಿ ಮೂಳೆ ಮತ್ತು ಕೀಲು ಸೋಂಕಿನ 1,054 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೊದಲ 6 ವಾರಗಳ ಚಿಕಿತ್ಸೆಯಲ್ಲಿ ಬೇಗನೇ ಬಾಯಿಯ ಮೂಲಕ ಔಷಧ ಶುರು ಮಾಡಿದರು. ಒಂದು ವರ್ಷದ ಬಳಿಕ ನೋಡಿದಾಗ ಡ್ರಿಪ್ ಪಡೆದವರಿಗಿಂತ ಅವರ ಫಲಿತಾಂಶ ಕೆಳಗಿರಲಿಲ್ಲ. ರೋಗಾಣು ಮಾತ್ರೆಗೆ ಬಗ್ಗುವುದಾದರೆ, ಹೊಟ್ಟೆ ಅದನ್ನು ಹೀರಿಕೊಳ್ಳುವುದಾದರೆ ಲೈನೇ ಬೇಡ. ಲೈನಿಲ್ಲದಿದ್ದರೆ ಲೈನಿನ ಸೋಂಕೂ ಇಲ್ಲ.

ಡ್ರಿಪ್ ಬೇಕೇ ಬೇಕು ಎಂದಾದರೆ ಹೊಸ ಔಷಧದ ಮೊದಲ ಡೋಸ್ ಆಸ್ಪತ್ರೆಯ ಕಣ್ಣಳತೆಯಲ್ಲಿ ಆಗಲಿ, ಅಲರ್ಜಿ ಎದ್ದರೆ ನೆರವು ಕೈಗೆ ಸಿಗುವ ಹಾಗೆ. ಮನೆಯಲ್ಲಿ ಫೋನ್, ಹರಿಯುವ ನೀರು, ಫ್ರಿಜ್, ಜೊತೆಗೆ ಕಲಿಯಬಲ್ಲ ಒಬ್ಬರು ಇರಬೇಕು. ರಾತ್ರಿ ಯಾರಿಗೆ ಕರೆ ಮಾಡಬೇಕು ಎಂಬ ನಂಬರ್ ಬರೆದುಕೊಡದೆ ಮನೆಗೆ ಕಳಿಸಿದರೆ ಒಪ್ಪಬೇಡಿ. ವೈದ್ಯರ ಚೀಟಿ ಇಲ್ಲದೆ ಉಳಿದ ವಯಲ್ (ಔಷಧದ ಸಣ್ಣ ಸೀಸೆ) ಎತ್ತಿಕೊಂಡು ಸ್ವಂತ ಚಿಕಿತ್ಸೆ ಶುರು ಮಾಡುವುದಂತೂ ಬೇಡವೇ ಬೇಡ.

ಯಾವ ಲೈನು ಎಂಬುದು ಎಷ್ಟು ದಿನ ಎಂಬುದರ ಮೇಲೆ. ಕೈಯ ಮೇಲೆ ಹಾಕುವ ಸಣ್ಣ ಕ್ಯಾನುಲಾ ಕೆಲವು ದಿನಕ್ಕಷ್ಟೇ. ತೋಳಿನಲ್ಲಿ ಕಂಕುಳದ ಹತ್ತಿರಕ್ಕೆ ನಿಲ್ಲುವ ಮಿಡ್‌ಲೈನ್ ಎರಡು ವಾರದ ಆಸುಪಾಸಿಗೆ. ಅದಕ್ಕೂ ಹೆಚ್ಚಾದರೆ ಪಿಕ್ ಲೈನ್: ತೋಳಿನಿಂದ ಹೊಕ್ಕು ತುದಿ ಹೃದಯದ ಬಾಗಿಲ ಬಳಿಯ ದೊಡ್ಡ ರಕ್ತನಾಳದಲ್ಲಿ ನಿಲ್ಲುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದು ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರಿಗೆ ತೋಳಿನ ರಕ್ತನಾಳ ಕೆಡಿಸಬಾರದು, ಅದನ್ನು ಮೊದಲೇ ಹೇಳಿ. ಪಿಕ್ ಹಾಕಿದ ದಿನ ಚರ್ಮದ ಹೊರಗೆ ಎಷ್ಟು ಸೆಂಟಿಮೀಟರ್ ಇದೆ, ಮೊಣಕೈಗಿಂತ 10 ಸೆಂಟಿಮೀಟರ್ ಮೇಲೆ ತೋಳಿನ ಸುತ್ತಳತೆ ಎಷ್ಟು, ಇವೆರಡನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಲೈನು ಜಾರಿದೆಯೋ, ತೋಳು ಊದಿದೆಯೋ ಎಂದು ಹೇಳುವುದು ಈ ಎರಡು ಸಂಖ್ಯೆ.

ಒಂದು ಡೋಸ್, ಮೊದಲಿಂದ ಕೊನೆವರೆಗೆ

ಫ್ಯಾನ್ ಆರಿಸಿ, ಮೇಜು ಒರೆಸಿ, ಒಡವೆ ತೆಗೆದು ಸೋಪಿನಲ್ಲಿ ಕೈ ತೊಳೆದು ಹೊಸ ಟಿಶ್ಯೂವಿನಿಂದ ಒರೆಸಿಕೊಳ್ಳಿ. ಲೇಬಲ್ಲಿನಲ್ಲಿ ಹೆಸರು, ಔಷಧ, ಪ್ರಮಾಣ, ಅವಧಿ ಮುಗಿಯುವ ದಿನ ಓದಿ. ಪುಡಿಯ ವಯಲ್ ಆದರೆ ಚೀಟಿಯಲ್ಲಿ ಹೇಳಿದ ದ್ರವವನ್ನೇ ಹಾಕಿ. ಎರ್ಟಾಪೆನೆಮ್, ಡ್ಯಾಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್‌ಗಳಿಗೆ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಆಗದು, ಸಲೈನ್ ಬೇಕು. ಸೆಫ್‌ಟ್ರಿಯಾಕ್ಸೋನ್ ಅನ್ನು ರಿಂಗರ್ ಲ್ಯಾಕ್ಟೇಟ್‌ನಂಥ ಕ್ಯಾಲ್ಸಿಯಂ ಇರುವ ದ್ರವದಲ್ಲಿ ಕಲಸಿದರೆ ಹರಳುಗಟ್ಟುತ್ತದೆ. ಡ್ಯಾಪ್ಟೊಮೈಸಿನ್ ವಯಲ್ ಕುಲುಕಿದರೆ ನೊರೆ ಏಳುತ್ತದೆ, ಮೆಲ್ಲಗೆ ತಿರುಗಿಸಿ. ಬೆಳಕಿಗೆ ಹಿಡಿದಾಗ ಕಣ ಕಂಡರೆ, ಮಸುಕಾಗಿದ್ದರೆ ಬಳಸಬೇಡಿ. ಆದರೆ ಸೆಫ್‌ಟ್ರಿಯಾಕ್ಸೋನ್‌ಗೆ ತಿಳಿಹಳದಿ ಬಣ್ಣ ಸಹಜ.

ಈಗ ಕನೆಕ್ಟರ್. 70 ಶೇಕಡಾ ಆಲ್ಕೋಹಾಲ್ ಪ್ಯಾಡಿನಿಂದ ತುದಿಯನ್ನೂ ಅಂಚಿನ ತಿರುಪನ್ನೂ 15 ಸೆಕೆಂಡ್ ಒತ್ತಿ ಉಜ್ಜಿ. ಆಮೇಲೆ ತಾನಾಗಿ ಒಣಗಲಿ, ಊದಬೇಡಿ, ಬೀಸಬೇಡಿ. ಬಾಯಿಯ ಗಾಳಿಯಲ್ಲಿ ಇರುವುದೇ ಸೂಕ್ಷ್ಮಜೀವಿ. ಒಣಗಿದ ತುದಿ ಬಟ್ಟೆಗೋ ಚರ್ಮಕ್ಕೋ ತಗುಲಿದರೆ ಮತ್ತೆ ಹೊಸ ಪ್ಯಾಡ್, ಮತ್ತೆ 15 ಸೆಕೆಂಡ್. ಒಂದು ಡೋಸ್‌ನಲ್ಲಿ ಇದನ್ನು ಪ್ರತಿ ಜೋಡಣೆಗೂ ಮಾಡಬೇಕು. ಬೇಸರವೆನಿಸಿ ಜನ ಕೈಬಿಡುವುದು ಇದನ್ನೇ, ಲೈನಿನ ಸೋಂಕು ಬರುವ ಒಂದು ಮುಖ್ಯ ದಾರಿಯೂ ಇದೇ.

ಫ್ಲಷ್‌ಗೆ 10 ಎಂಎಲ್ ಸಿರಿಂಜೇ ಬೇಕು. ಸಿರಿಂಜ್ ಸಣ್ಣದಾದಷ್ಟೂ ಅದೇ ಬೆರಳಿನ ಒತ್ತು ಒಳಗೆ ಹೆಚ್ಚು ಒತ್ತಡವಾಗುತ್ತದೆ, ಲೈನು ಸೀಳಬಹುದು. ಗಾಳಿ ಹೊರಹಾಕಿ, ಜೋಡಿಸಿ, ಮೆಲ್ಲಗೆ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ. ಪಿಕ್‌ನಲ್ಲಿ ರಕ್ತ ಬರದಿದ್ದರೆ ಔಷಧ ಬಿಡುವ ಮೊದಲು ಫೋನ್ ಮಾಡಿ. ಆಮೇಲೆ ಸಲೈನನ್ನು ಒಂದೊಂದು ಎಂಎಲ್‌ನಂತೆ ತಳ್ಳಿ, ನಿಲ್ಲಿಸಿ, ತಳ್ಳಿ, ನಿಲ್ಲಿಸಿ. ಹೀಗೆ ತಡೆದು ತಳ್ಳಿದಾಗ ಒಳಗೆ ಸುಳಿಯೆದ್ದು ಗೋಡೆಗೆ ಅಂಟಿದ್ದು ತೊಳೆದುಹೋಗುತ್ತದೆ. ಕೊನೆಯ ಅರ್ಧ ಎಂಎಲ್ ಸಿರಿಂಜಿನಲ್ಲೇ ಉಳಿಸಿ. ಕ್ಲಾಂಪ್ (ಕೊಳವೆಯನ್ನು ಅದುಮಿ ಮುಚ್ಚುವ ಕ್ಲಿಪ್) ಯಾವಾಗ ಹಾಕಬೇಕು ಎಂಬುದು ಕನೆಕ್ಟರಿನ ಬಗೆಗೆ ತಕ್ಕಂತೆ ಬದಲಾಗುತ್ತದೆ: ಕೆಲವಕ್ಕೆ ತಳ್ಳುತ್ತಿರುವಾಗಲೇ, ಕೆಲವಕ್ಕೆ ಸಿರಿಂಜ್ ಬಿಚ್ಚಿದ ಮೇಲೆ. ನಿಮ್ಮದು ಯಾವುದು ಎಂದು ನರ್ಸನ್ನು ಕೇಳಿ ಬರೆದಿಡಿ. ಕ್ರಮ ತಪ್ಪಿದರೆ ತುದಿಯಲ್ಲಿ ರಕ್ತ ಹಿಂದಕ್ಕೆ ಬಂದು ಹೆಪ್ಪುಗಟ್ಟುತ್ತದೆ.

ಡ್ರಿಪ್ ಸೆಟ್‌ನಲ್ಲಿ ಗಾಳಿ ಪೂರ್ತಿ ಹೋಗುವವರೆಗೆ ದ್ರವ ಹರಿಸಿ ಆಮೇಲೆ ಜೋಡಿಸಿ. ಹನಿಯ ಲೆಕ್ಕ: ಎಂಎಲ್ ಇಂಟು ಸೆಟ್ಟಿನ ಹನಿ ಸಂಖ್ಯೆ, ಅದನ್ನು ನಿಮಿಷದಿಂದ ಭಾಗಿಸಿ. 100 ಎಂಎಲ್ ಅನ್ನು 30 ನಿಮಿಷದಲ್ಲಿ, ಎಂಎಲ್‌ಗೆ 20 ಹನಿ ಬೀಳುವ ಸೆಟ್‌ನಲ್ಲಿ ಕೊಡಬೇಕೆಂದರೆ ನಿಮಿಷಕ್ಕೆ 67 ಹನಿ, ಅಂದರೆ 15 ಸೆಕೆಂಡಿಗೆ 17. ಕೈ ಮಡಚಿದರೆ ಲೆಕ್ಕ ತಪ್ಪುತ್ತದೆ, ನಡುವೆ ಮತ್ತೆ ಎಣಿಸಿ. ವ್ಯಾಂಕೊಮೈಸಿನ್‌ನಲ್ಲಿ ಆತುರ ಸಲ್ಲದು. 1 ಗ್ರಾಂಗೆ ಕನಿಷ್ಠ 100 ನಿಮಿಷ. ವೇಗವಾದರೆ ಮುಖ, ಕತ್ತು ಕೆಂಪಾಗಿ ತುರಿಸುತ್ತದೆ, ರಕ್ತದೊತ್ತಡ ಇಳಿಯಬಹುದು. ಹಾಗಾದರೆ ನಿಲ್ಲಿಸಿ ಆಸ್ಪತ್ರೆಯ ತಂಡಕ್ಕೆ ತಿಳಿಸಿ.

ಬಲೂನಿನಂಥ ಇಲಾಸ್ಟೊಮೆರಿಕ್ ಪಂಪ್ ಕೊಟ್ಟಿದ್ದರೆ ಹನಿ ಎಣಿಸುವ ಕೆಲಸವಿಲ್ಲ. ಆದರೆ ಫ್ರಿಜ್‌ನಿಂದ ತೆಗೆದೊಡನೆ ಹಾಕಿದರೆ ತಣ್ಣನೆಯ ದ್ರವ ಗಟ್ಟಿಯಾಗಿ ನಿಧಾನ ಹರಿಯುತ್ತದೆ. ಲೇಬಲ್ ಹೇಳಿದಷ್ಟು ಹೊತ್ತು ಹೊರಗಿಡಿ, ಮೈಕ್ರೋವೇವ್, ಬಿಸಿನೀರು ಬೇಡ. ಹರಿವು ತಡೆಯುವ ಸಣ್ಣ ತುಂಡು ಚರ್ಮಕ್ಕೆ ಅಂಟಿರಲಿ ಎಂದು ಹೇಳಿದ್ದರೆ ಹಾಗೇ ಅಂಟಿಸಿ. ಅದರ ವೇಗ ಮೈಶಾಖಕ್ಕೆ ಹೊಂದಿಸಿದ್ದು.

ಔಷಧ ಮುಗಿದ ಮೇಲೆ ಮತ್ತೆ 10 ಎಂಎಲ್ ಸಲೈನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚೀಟಿಯಲ್ಲಿ ಇದ್ದರೆ ಮಾತ್ರ ಅದಾದ ಮೇಲೆ. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಬದಲಿಸಿ.

ವಾರದ ಕೆಲಸ

ಪಾರದರ್ಶಕ ಡ್ರೆಸ್ಸಿಂಗ್ 7 ದಿನಕ್ಕೊಮ್ಮೆ, ಗಾಜ್ ಬಟ್ಟೆಯದಾದರೆ 2 ದಿನಕ್ಕೊಮ್ಮೆ ಬದಲಾಗಬೇಕು. ಒದ್ದೆಯಾದರೆ, ಅಂಚು ಎದ್ದರೆ ಅವತ್ತೇ. ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಇರಲಿ, ಈಜು ಬೇಡ. ಪಿಕ್ ಇರುವ ತೋಳಿನಲ್ಲಿ ಬಿಪಿ ನೋಡಬಾರದು. ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ. ಡ್ಯಾಪ್ಟೊಮೈಸಿನ್‌ಗೆ ಸ್ನಾಯು ಕೆಡುತ್ತಿದೆಯೇ ಎಂದು ತೋರಿಸುವ ಸಿಪಿಕೆ ಪರೀಕ್ಷೆ, ವ್ಯಾಂಕೊಮೈಸಿನ್‌ಗೆ ರಕ್ತದಲ್ಲಿನ ಮಟ್ಟ. ಆರಾಮಾಗಿದ್ದೇನೆ ಎಂದು ಪರೀಕ್ಷೆ ತಪ್ಪಿಸಬೇಡಿ. ಮೂತ್ರಪಿಂಡ ಕೆಡುವಾಗ ಮೊದಮೊದಲು ಏನೂ ಗೊತ್ತಾಗುವುದಿಲ್ಲ.

ಕೆಟ್ಟಾಗ

ಫ್ಲಷ್ ಮಾಡಿದ ಒಂದು ಗಂಟೆಯೊಳಗೆ ಹಲ್ಲು ಕಡಿಯುವಂಥ ಚಳಿನಡುಕ, ಜ್ವರ ಬಂದರೆ ಲೈನಿನಲ್ಲೇ ಸೋಂಕು ಎಂದು ತಿಳಿದು, ಲೈನು ಬಳಸದೆ ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರದ ಮಾತ್ರೆ ನುಂಗಿ ರಾತ್ರಿ ಕಳೆಯಬೇಡಿ. ತೋಳು, ಕತ್ತು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಳ್ಳಿದರೆ ಹೋಗದಿದ್ದರೆ ಕ್ಲಾಂಪ್ ಮುಚ್ಚಿದೆಯೇ, ಕೊಳವೆ ಮಡಚಿದೆಯೇ ನೋಡಿ, ಕೈಯ ಭಂಗಿ ಬದಲಿಸಿ, ಒಮ್ಮೆ ಕೆಮ್ಮಿ. ಆಗಲೂ ಹೋಗದಿದ್ದರೆ ಬಲವಂತ ಮಾಡದೆ ಫೋನ್ ಮಾಡಿ. ಲೈನು ತುಂಡಾದರೆ ತುಂಡಾದ ಜಾಗಕ್ಕೂ ದೇಹಕ್ಕೂ ನಡುವೆ ತಕ್ಷಣ ಮಡಚಿ ಹಿಡಿಯಿರಿ. ಅದರ ಜೊತೆ ಏಕಾಏಕಿ ಉಸಿರು ಕಟ್ಟಿದರೆ ಎಡಮಗ್ಗುಲಿಗೆ, ತಲೆ ತಗ್ಗಾಗುವಂತೆ ಮಲಗಿಸಿ ಆಂಬ್ಯುಲೆನ್ಸ್ ಕರೆಯಿರಿ.

ದದ್ದಿನ ಜೊತೆ ತುಟಿ, ನಾಲಗೆ ಊದುವುದು, ಉಬ್ಬಸ, ತಲೆಸುತ್ತು ಬಂದರೆ ಡ್ರಿಪ್ ನಿಲ್ಲಿಸಿ. ವಯಸ್ಕರಿಗೆಂದು ತಂಡ ಅಡ್ರಿನಾಲಿನ್ ಕೊಟ್ಟು ಕಲಿಸಿದ್ದರೆ ತೊಡೆಯ ಹೊರಬದಿಯ ಸ್ನಾಯುವಿಗೆ 0.5 ಮಿಲಿಗ್ರಾಂ ಚುಚ್ಚಿ, ಆಂಬ್ಯುಲೆನ್ಸ್ ಕರೆಯಿರಿ. ಅದನ್ನು ಲೈನಿಗೆ ಹಾಕಬಾರದು. ದಿನಕ್ಕೆ 3 ಸಲ ಅಥವಾ ಹೆಚ್ಚು ನೀರುಭೇದಿಯಾದರೆ ನಿಲ್ಲಿಸುವ ಮಾತ್ರೆ ನುಂಗದೆ ತಿಳಿಸಿ, ಸಿ ಡಿಫಿಸಿಲ್ ಎಂಬ ಕರುಳಿನ ಸೋಂಕಿಗೆ ಮಲಪರೀಕ್ಷೆ ಆಗಬೇಕು. ಡೋಸ್ ಮರೆತರೆ ಎರಡು ಡೋಸ್ ಒಟ್ಟಿಗೆ ಕೊಡಬೇಡಿ, ಕೇಳಿ ಕೊಡಿ.

ಕೊನೆಯ ಡೋಸ್ ಆದ ಮೇಲೆ ಮತ್ತೆ ಬೇಕಾದೀತೆಂದು ಲೈನು ಉಳಿಸಿಕೊಳ್ಳುವವರಿದ್ದಾರೆ. ವೈದ್ಯರು ಮುಗಿಯಿತು ಎಂದ ದಿನವೇ ತೆಗೆಸಿ. ತೆಗೆಯುವುದು ನರ್ಸಿನ ಕೆಲಸ: ಮಲಗಿಸಿ, ಮೆಲ್ಲಗೆ ಎಳೆದು, ಜಾಗ ಒತ್ತಿಹಿಡಿದು, ಹೊರಬಂದ ಲೈನನ್ನು ಅಳೆದು ತುದಿ ಪೂರ್ತಿ ಇದೆಯೇ ಎಂದು ನೋಡಬೇಕು. ಗಾಳಿಯಾಡದ ಡ್ರೆಸ್ಸಿಂಗ್ ಕನಿಷ್ಠ 24 ಗಂಟೆ ಹಾಗೇ ಇರಲಿ.