ಊರಿನ ಕಬಡ್ಡಿ ಟೀಮು ಒಡೆಯದ ಹಾಗೆ ನಡೆಸುವುದು

ಗಣೇಶನ ಹಬ್ಬ ಬಂತೆಂದರೆ ಕೋಲಾರದ ಸುತ್ತ ಒಂದಲ್ಲ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. ರಾಜ್ಯೋತ್ಸವ ಮುಗಿಯುವ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಒಂದಿದ್ದ ಟೀಮು ಎರಡಾಗಿರುತ್ತದೆ. ಕೇಳಿದರೆ 'ಹುಡುಗರಲ್ಲಿ ಹೊಂದಾಣಿಕೆ ಇಲ್ಲ ಬಿಡಿ' ಅನ್ನುತ್ತಾರೆ. ಬಿಡಿಸಿ ನೋಡಿದರೆ ಜಗಳ ಹುಟ್ಟುವ ಜಾಗಗಳು ಬೆರಳೆಣಿಕೆಯಷ್ಟೇ: ಬಹುಮಾನದ ದುಡ್ಡು, ಹೊರಗಿನಿಂದ ಕರೆಸಿದ ಆಟಗಾರ, ಬೆಂಚು, ಮೂರನೇ ರೈಡು, ವಾಟ್ಸಾಪ್ ಗ್ರೂಪು. ಎಲ್ಲವೂ ಮೊದಲ ಮ್ಯಾಚಿಗೆ ಮುಂಚೆ ಕೂತು ತೀರ್ಮಾನ ಮಾಡಬಹುದಾದವು. ಮಾಡದೆ ಬಿಟ್ಟದ್ದೇ ಸೋತ ರಾತ್ರಿ ಜಗಳವಾಗಿ ಎದ್ದು ಬರುತ್ತದೆ.

ದುಡ್ಡು

ಇದನ್ನು ಮೊದಲು ಮುಗಿಸಿ. ಸಂಕೋಚಪಟ್ಟುಕೊಂಡು 'ಗೆದ್ದಮೇಲೆ ನೋಡೋಣ' ಅಂದಿರೋ, ಗೆದ್ದಮೇಲೆ ಯಾರೂ ಸರಿಯಾಗಿ ನೋಡುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಲೆಕ್ಕ ಬರೆಯುವವನು ಕ್ಯಾಪ್ಟನ್ ಆಗಿರಬಾರದು, ಮುಖ್ಯ ರೈಡರಂತೂ ಬೇಡವೇ ಬೇಡ. ಡಿಫೆಂಡರೋ ಬೆಂಚಿನ ಹುಡುಗನೋ ಬರೆಯಲಿ. ಉದಾಹರಣೆಗೆ 20,000 ರೂಪಾಯಿ ಬಹುಮಾನ ಬಂತು ಅಂದುಕೊಳ್ಳಿ. ಎಂಟ್ರಿ ಫೀ 1,000, ಗಾಡಿ ಬಾಡಿಗೆ 3,200, ಊಟ ತಿಂಡಿ 1,800, ಒಟ್ಟು 6,000 ಮೊದಲು ಕಳೆಯಿರಿ. ಉಳಿದ 14,000ದಲ್ಲಿ 2,000 ಟೀಮಿನ ಗಂಟಿಗೆ. ಅದರಿಂದಲೇ ಕ್ರೇಪ್ ಬ್ಯಾಂಡೇಜು, ನೀ ಕ್ಯಾಪು, ಮೊಣಕಾಲು ತಿರುಚಿಕೊಂಡವನ ಎಕ್ಸ್‌ರೇ. ಮಿಕ್ಕ 12,000ವನ್ನು ಹನ್ನೆರಡು ಜನಕ್ಕೆ ತಲಾ 1,000.

ಹನ್ನೆರಡು ಜನ ಅಂದರೆ ಆಡಿದ ಏಳು ಮಂದಿ, ಕೂತ ಐದು ಮಂದಿ, ಎಲ್ಲರಿಗೂ ಸಮ. 'ಆಡದವನಿಗೆ ಯಾಕೆ ಅಷ್ಟು?' ಎಂಬ ಮಾತು ಬಂದೇ ಬರುತ್ತದೆ. ಸಮ ಕೊಡದಿದ್ದರೆ ಮುಂದಿನ ವಾರ ಪ್ರಾಕ್ಟೀಸಿಗೆ ಏಳೇ ಜನ ಬರುತ್ತಾರೆ. ಏಳು ಜನರಿಗೆ ಎದುರಾಳಿ ಯಾರು? ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಎಂದು ಒಬ್ಬನ ಹೆಸರಿಗೆ ಬಂದ ಟ್ರೋಫಿ, ಫ್ಯಾನು, ಮಿಕ್ಸಿ ಅವನದೇ. ಅದನ್ನು ಮಾರಿ ಹಂಚಲು ಹೋಗಬೇಡಿ.

ಜೆರ್ಸಿ ಕೊಡಿಸುತ್ತೇನೆ ಎಂದು ಬರುವ ಮುಖಂಡರ ವಿಷಯವೂ ಈ ನೋಟ್‌ಬುಕ್ಕಿಗೇ ಸೇರಿದ್ದು. ಬೆನ್ನ ಮೇಲೆ ಊರಿನ ಹೆಸರು, ಕೆಳಗೆ ಸಣ್ಣದಾಗಿ ಕೊಡಿಸಿದವರ ಹೆಸರು ಇದ್ದರೆ ಸಾಕು. ಫೋಟೊ, ಪಕ್ಷದ ಬಣ್ಣ ಬೇಡ. ಪಂಚಾಯ್ತಿ ಚುನಾವಣೆ ಹತ್ತಿರವಿದ್ದಾಗ ಜೆರ್ಸಿ ಯಾರದ್ದು ಅನ್ನುವುದರ ಮೇಲೆಯೇ ಅರ್ಧ ಟೀಮು ಎದ್ದು ಹೋಗುತ್ತದೆ.

ರೈಡರ್ ಒಂದು ಕಡೆ, ಡಿಫೆಂಡರ್ ಒಂದು ಕಡೆ

ಅಮೆರಿಕದ ವೃತ್ತಿಪರ ಫುಟ್ಬಾಲಿನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, ಒಂದು ತಂಡಕ್ಕೆ 53 ಆಟಗಾರರು. ಮೈದಾನಕ್ಕಿಳಿಯುವುದು ಒಮ್ಮೆಗೆ 11 ಜನ. ಚೆಂಡು ಮುಂದೊಯ್ಯುವವರದೇ ಒಂದು ಪಡೆ, ತಡೆಯುವವರದು ಇನ್ನೊಂದು. ಒಬ್ಬರು ಆಡುವಾಗ ಇನ್ನೊಬ್ಬರು ಅಂಚಿನಲ್ಲಿ ನಿಂತು ನೋಡುತ್ತಿರುತ್ತಾರೆ. ಹಾಗಾಗಿ 'ನಾವು ತಂದುಕೊಟ್ಟೆವು, ನೀವು ಕಳೆದಿರಿ' ಎಂಬ ಗೊಣಗಾಟ ಅಲ್ಲಿನ ಲಾಕರ್ ರೂಮುಗಳ ಹಳೇ ಕಾಯಿಲೆ. ಕಬಡ್ಡಿಯಲ್ಲಿ ಇಬ್ಬರೂ ಒಂದೇ ಅಂಕಣದಲ್ಲಿ ನಿಂತಿದ್ದರೂ ಇದೇ ಕಾಯಿಲೆ. ರೈಡರಿಗೆ ಚಪ್ಪಾಳೆ, ರೀಲ್ಸು. ಕಾರ್ನರಿನಲ್ಲಿ, ಅಂದರೆ ಸಾಲಿನ ತುದಿಯಲ್ಲಿ ನಿಂತು, ಕಾಲು ಹಿಡಿದು ಮೊಣಕೈ ಕಿತ್ತುಕೊಂಡವನ ಹೆಸರನ್ನು ಮೈಕಿನವನು ಹೇಳುವುದೂ ಇಲ್ಲ.

ಅಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ತನ್ನನ್ನು ಕಾಯುವ ಮುಂದಿನ ಸಾಲಿನವರಿಗೆ ಸೀಸನ್ನಿನ ಕೊನೆಗೆ ಉಡುಗೊರೆ ಕೊಡುವುದು ಒಂದು ವಾಡಿಕೆ. ನಮಗೆ ಅಷ್ಟು ದೊಡ್ಡ ಕೈ ಬೇಡ. ಸ್ಕೋರು ಹೇಳುವ ರೀತಿ ಬದಲಿಸಿದರೆ ಸಾಕು. ಪ್ರಾಕ್ಟೀಸಿನಲ್ಲಿ ಟ್ಯಾಕಲ್ ಪಾಯಿಂಟನ್ನು ಬೇರೆ ಬರೆಯಿರಿ, ಮ್ಯಾಚ್ ಮುಗಿದಮೇಲೆ ಮೊದಲು ಅದನ್ನೇ ಓದಿ. ಹಿಡಿದವನ ಹೆಸರಿನ ಪಕ್ಕದಲ್ಲಿ ಅವನಿಗೆ ಆಸರೆ ಕೊಟ್ಟವನ ಹೆಸರೂ ಇರಲಿ. ಕಾರ್ನರು ಕಾಲು ಹಿಡಿದು, ಸಾಲಿನ ಒಳಗಡೆ ನಿಂತ ಕವರು ಬಂದು ಡ್ಯಾಶ್ ಕೊಟ್ಟರೆ, ಅಂದರೆ ಮೈಯಿಂದ ಗುದ್ದಿ ಹೊರಗೆ ತಳ್ಳಿದರೆ, ಅದು ಇಬ್ಬರ ಪಾಯಿಂಟು.

ಈ ಜೋಡಿಯಲ್ಲೇ ಟೀಮಿನ ಅರ್ಧ ಹೊಂದಾಣಿಕೆ ಇದೆ. ಎಡ ಕಾರ್ನರ್ ಮತ್ತು ಅವನ ಪಕ್ಕದ ಜೊತೆಗಾರ, ಹಾಗೇ ಬಲಗಡೆ. ಜೋಡಿಯನ್ನು ಒಮ್ಮೆ ಕೂಡಿಸಿದ ಮೇಲೆ ಸೀಸನ್ ಮುಗಿಯುವ ತನಕ ಒಡೆಯಬೇಡಿ. ವಾರಕ್ಕೆ ಎರಡು ದಿನ, ನಾಲ್ಕು ಡಿಫೆಂಡರುಗಳ ಎದುರು ಒಬ್ಬ ರೈಡರ್ ಬಿಟ್ಟು ಹತ್ತು ಹತ್ತು ರೈಡು ಮಾಡಿಸಿ. ಮೊದಲ ಐದರಲ್ಲಿ ಯಾರೂ ಹಿಡಿಯಬಾರದು, ಕೈ ಕೈ ಹಿಡಿದ ಸರಪಳಿ ಬಿಡದೆ ಹಿಂದೆ ಮುಂದೆ ಚಲಿಸುವುದು ಮಾತ್ರ. ಮುಂದಿನ ಐದರಲ್ಲಿ ಕಾರ್ನರ್ ಕಾಲಿಗೆ ಕೈ ಹಾಕಿದ ಮೇಲಷ್ಟೇ ಉಳಿದವರು ಬೀಳಬೇಕು.

ಕೆಡುವುದು ಇಲ್ಲೇ. ಆತುರದಲ್ಲಿ ಕವರಿನವನು ಹೊತ್ತಿಗೆ ಮುಂಚೆಯೇ ನುಗ್ಗಿ ಅಡ್ವಾನ್ಸ್ ಟ್ಯಾಕಲ್ ಮಾಡಿಬಿಡುತ್ತಾನೆ, ಸರಪಳಿ ತುಂಡಾಗುತ್ತದೆ, ಹೊರಳುವ ರೈಡರ್ ಇಬ್ಬರು ಮೂವರನ್ನು ಮುಟ್ಟಿಕೊಂಡು ಗೆರೆ ದಾಟುತ್ತಾನೆ. ಆಮೇಲೆ 'ನೀನ್ಯಾಕ್ ಬರ್ಲಿಲ್ಲ', 'ನೀನ್ಯಾಕ್ ಹೋದೆ' ಶುರು. ಇದಕ್ಕೆ ಬುದ್ಧಿವಾದ ನಾಟುವುದಿಲ್ಲ, ಸಂಜ್ಞೆ ಬೇಕು. ಕೈ ಕೈ ಹಿಡಿದೇ ನಿಂತಿರುತ್ತೀರಲ್ಲ, ಒಮ್ಮೆ ಅದುಮಿದರೆ ಕಾಯಿ, ಎರಡು ಸಲ ಅದುಮಿದರೆ ಹೋಗು. ಬಾಯಿಂದ ಕೂಗುವವನು ಒಬ್ಬನೇ ಇರಲಿ, ಸಾಮಾನ್ಯವಾಗಿ ಕಾರ್ನರ್. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಟೀಮುಗಳಲ್ಲಿ ಒಬ್ಬ ತೆಲುಗಿನಲ್ಲಿ, ಇನ್ನೊಬ್ಬ ಕನ್ನಡದಲ್ಲಿ ಕೂಗುವುದುಂಟು. ಯಾವುದಾದರೂ ಇರಲಿ, ಟೀಮಿಗೆಲ್ಲ ಒಂದೇ ಇರಲಿ.

ಮೂರನೇ ರೈಡು ಯಾರದ್ದು

ಸತತ ಎರಡು ರೈಡು ಖಾಲಿ ಬಂದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ರೈಡರ್ ಔಟು. ದೊಡ್ಡ ರೈಡರುಗಳು ಮೊದಲ ಎರಡು ರೈಡುಗಳಲ್ಲಿ ಸುಮ್ಮನೆ ಹೋಗಿ ಬಂದು, ಮೂರನೆಯದಕ್ಕೆ ಚಿಕ್ಕ ಹುಡುಗನನ್ನು ತಳ್ಳುವುದನ್ನು ಯಾವ ಊರಿನ ಮೈದಾನದಲ್ಲಿ ಬೇಕಾದರೂ ನೋಡಬಹುದು. ಸಿಕ್ಕಿಬಿದ್ದವನು ಹುಡುಗ, ಬೈಸಿಕೊಳ್ಳುವವನೂ ಹುಡುಗ. ಎರಡು ಟೂರ್ನಿ ಹೀಗಾದರೆ ಅವನು ಪಕ್ಕದ ಊರಿನ ಜೆರ್ಸಿ ಹಾಕಿಕೊಳ್ಳುತ್ತಾನೆ.

ಮ್ಯಾಚಿಗೆ ಮುಂಚೆ ಮೂರನೇ ರೈಡಿಗೆ ಎರಡು ಹೆಸರು ಬರೆದಿಡಿ. ಮೊದಲನೆಯವನು ಅಂಕಣದಲ್ಲಿದ್ದರೆ ಅವನೇ ಹೋಗಬೇಕು, ಔಟಾಗಿ ಕೂತಿದ್ದರೆ ಎರಡನೆಯವನು. ಹುಡುಗನನ್ನು ಕಳಿಸಲೇಬೇಕೆಂದರೆ ಎದುರಿಗೆ ಆರು ಅಥವಾ ಏಳು ಜನ ಇರುವಾಗ, ಬೋನಸ್ ಗೆರೆ ಜೀವಂತ ಇರುವಾಗ ಕಳಿಸಿ. ಒಂದು ಕಾಲು ಗೆರೆಯಾಚೆ ಊರಿ ಇನ್ನೊಂದನ್ನು ಎತ್ತಿದರೆ ಅವನಿಗೂ ಪಾಯಿಂಟ್ ಉಂಟು. ಎದುರು ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ಬೇಡ. ಬೋನಸ್ ಇರುವುದಿಲ್ಲ, ಸಿಕ್ಕಿಬಿದ್ದರೆ ಸೂಪರ್ ಟ್ಯಾಕಲ್ ಆಗಿ ಎದುರಾಳಿಗೆ ಎರಡು ಪಾಯಿಂಟ್.

ಬೆಂಚು

ಎನ್‌ಎಫ್‌ಎಲ್ ತಂಡಗಳು 53ರ ಹೊರಗೆ ಇನ್ನೊಂದು ಅಭ್ಯಾಸ ಪಡೆಯನ್ನೂ ಇಟ್ಟುಕೊಳ್ಳುತ್ತವೆ. ಮುಂದಿನ ವಾರದ ಎದುರಾಳಿ ಹೇಗೆ ಆಡುತ್ತದೋ ಹಾಗೆಯೇ ಆಡಿ ತೋರಿಸುವುದು ಅದರ ಒಂದು ಮುಖ್ಯ ಕೆಲಸ. ಇದನ್ನು ಹಾಗೇ ಎತ್ತಿಕೊಳ್ಳಿ. ಮಾಲೂರಿನ ಟೀಮಿನ ಮೇಲೆ ಮ್ಯಾಚ್ ಇದ್ದರೆ, ಅವರ ರೈಡರ್ ಯಾವ ಕಡೆಯಿಂದ ಒಳಬರುತ್ತಾನೆ, ಬೋನಸ್ಸಿಗೆ ಯಾವ ಕಾಲು ಹಾಕುತ್ತಾನೆ, ಕೈ ಚಾಚುತ್ತಾನೋ ಕಾಲು ಬೀಸುತ್ತಾನೋ ಎಂದು ಯೂಟ್ಯೂಬಿನಲ್ಲೋ ಯಾರದೋ ಮೊಬೈಲಿನಲ್ಲೋ ನೋಡಿ, ಬೆಂಚಿನ ಒಬ್ಬ ಹುಡುಗನಿಗೆ ಒಪ್ಪಿಸಿ. ಮೂರು ದಿನ ಅವನು ಆ ರೈಡರ್. ಮ್ಯಾಚಿನಲ್ಲಿ ಆ ರೈಡರ್ ಸಿಕ್ಕಿಬಿದ್ದರೆ ಕೂತಲ್ಲಿಂದ ಎಲ್ಲರಿಗಿಂತ ಜೋರಾಗಿ ಕೂಗುವವನು ಇವನೇ.

ಏಳರಲ್ಲಿ ಹೆಸರಿಲ್ಲ ಎಂದು ಮೈದಾನದಲ್ಲಿ, ಜನರ ಮುಂದೆ ಹೇಳಬೇಡಿ. ಹಿಂದಿನ ರಾತ್ರಿ ಫೋನು ಮಾಡಿ, ಕಾರಣವನ್ನೂ ಹೇಳಿ. ತೂಕದ ಟೂರ್ನಿಗಳಲ್ಲಿ ಇನ್ನೂ ಎಚ್ಚರ ಬೇಕು. ಸೀನಿಯರ್ ಪುರುಷರ ಮಿತಿ 85 ಕೆ.ಜಿ., ಆದರೆ ಊರ ಟೂರ್ನಿಗಳವರು ತಮಗೆ ಬೇಕಾದ ಮಿತಿ ಇಡುತ್ತಾರೆ. ಒಂದು ವಾರ ಮುಂಚೆ ಒಮ್ಮೆ, ಮೂರು ದಿನ ಮುಂಚೆ ಒಮ್ಮೆ ಎಲ್ಲರನ್ನೂ ತೂಗಿ. ಮೂರು ದಿನ ಇರುವಾಗಲೂ ಎರಡು ಕೆ.ಜಿ. ಜಾಸ್ತಿ ಇರುವವನನ್ನು ಆವತ್ತೇ ಕೈಬಿಡಿ. ಉಪವಾಸವಿದ್ದು, ನೀರು ಬಿಟ್ಟು ತೂಕ ಇಳಿಸಿದವನಿಗೆ ಎರಡನೇ ಹಾಫಿನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ.

ಹೊರಗಿನ ಆಟಗಾರ

ಟೂರ್ನಿಯ ನಿಯಮ ಅವಕಾಶ ಕೊಟ್ಟರೂ ಇಬ್ಬರಿಗಿಂತ ಜಾಸ್ತಿ ಬೇಡ, ಅವರೂ ರೈಡರುಗಳೇ ಆಗಿರಲಿ. ಕಾರ್ನರಿಗೆ ಎಷ್ಟೇ ಒಳ್ಳೆಯವನು ಬಂದರೂ ಪಕ್ಕದವನ ಕೈಯ ಅದುಮು ಅವನಿಗೆ ಒಂದೇ ರಾತ್ರಿಯಲ್ಲಿ ತಿಳಿಯುವುದಿಲ್ಲ. ಅವನಿಗೆ ಎಷ್ಟು ಕೊಡುತ್ತೀರಿ, ಎಲ್ಲಿಂದ ಕೊಡುತ್ತೀರಿ ಎನ್ನುವುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಬಹುಮಾನದಿಂದ ಕದ್ದು ಮುಚ್ಚಿ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಮೊತ್ತ ಎರಡು ಪಟ್ಟಾಗಿ ಊರೆಲ್ಲ ಹರಡಿರುತ್ತದೆ.

ಹೊತ್ತು ಹೊಂದಿಸುವುದು

ಸಂಜೆ ಡೇರಿಗೆ ಹಾಲು ಹಾಕಿ ಬರಬೇಕಾದ ಹುಡುಗರಿದ್ದಾರೆ, ನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟು ಬದಲಾಗುವವರಿದ್ದಾರೆ, ಟೊಮೆಟೊ ಕಾಲದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಗಾಡಿ ಹೊಡೆಯುವವರಿದ್ದಾರೆ. ದಿನಾ ಆರಕ್ಕೆ ಪ್ರಾಕ್ಟೀಸು ಅಂದರೆ ದಿನಾ ಅರ್ಧ ಜನ ತಪ್ಪಿಸಿಕೊಂಡವರಾಗುತ್ತಾರೆ. ಭಾನುವಾರ ಎಲ್ಲರ ಶಿಫ್ಟು ಕೇಳಿ ವಾರದ ನಾಲ್ಕು ದಿನ ಗುರುತಿಸಿ, ಅದರಲ್ಲಿ ಎರಡು ದಿನವಾದರೂ ಏಳೂ ಜನ ಒಟ್ಟಿಗೆ ಸಿಗಲಿ. ಹಾಲಿನವರಿಗಾಗಿ ಏಳೂವರೆ ಒಳ್ಳೆಯ ಹೊತ್ತು. ಹೇಳಿ ತಪ್ಪಿಸಿದವನಿಗೆ ದಂಡವಿಲ್ಲ. ಹೇಳದೆ ತಪ್ಪಿಸಿದವನು ಮುಂದಿನ ಮ್ಯಾಚಿನ ಮೊದಲ ಹಾಫ್ ಕೂರಬೇಕು, ಅವನು ಕ್ಯಾಪ್ಟನ್ ಆದರೂ ಅಷ್ಟೇ.

ಮೈದಾನಕ್ಕೆ ನೀರು ಹಾಕುವುದು, ಸುಣ್ಣದ ಗೆರೆ ಎಳೆಯುವುದು, ಮ್ಯಾಟ್ ಇದ್ದರೆ ಹಾಸಿ ಎತ್ತುವುದು ಸರದಿ ಪ್ರಕಾರ ನಡೆಯಲಿ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣಕ್ಕೆ ಮೀಟರ್ ಚದರದ 130 ತುಂಡು ಬೇಕು. ಹೊಸಬರ ತಲೆಗೇ ಅಷ್ಟನ್ನೂ ಕಟ್ಟುವ ಚಾಳಿ ಎಲ್ಲೆಡೆ ಇದೆ. ಹೊಸಬರನ್ನು ಗೋಳು ಹೊಯ್ದುಕೊಂಡರೆ ಗಟ್ಟಿಯಾಗುತ್ತಾರೆ ಅನ್ನುವವರು ಮಯಾಮಿ ಡಾಲ್ಫಿನ್ಸ್ ತಂಡದ ಕಥೆ ಕೇಳಬೇಕು. 2013ರಲ್ಲಿ ಅದರ ಆಟಗಾರ ಜೊನಾಥನ್ ಮಾರ್ಟಿನ್ ಸೀಸನ್ ನಡುವೆಯೇ ತಂಡ ಬಿಟ್ಟು ಹೊರಟ. 2014ರ ಫೆಬ್ರುವರಿಯಲ್ಲಿ ಬಂದ ವಕೀಲ ಟೆಡ್ ವೆಲ್ಸ್ ಅವರ ವರದಿ, ತಂಡದ ಮೂವರು ಸಹ ಆಟಗಾರರು ಅವನಿಗೆ ಸತತ ಕಿರುಕುಳ ಕೊಟ್ಟಿದ್ದರು ಎಂದಿತು. ಕಾಡಿದವರ ಲೆಕ್ಕದಲ್ಲಿ ಅದು ಬರೀ ತಮಾಷೆ. ನಮ್ಮಲ್ಲಿ ತಮಾಷೆ ಜಾತಿಗೆ, ಕೇರಿಗೆ, ಮನೆಯ ಹೆಂಗಸರ ಮಾತಿಗೆ ಇಳಿದ ಕೂಡಲೇ ಕ್ಯಾಪ್ಟನ್ ಅಲ್ಲೇ ತಡೆಯಬೇಕು. ಊಟಕ್ಕೆ ಹನ್ನೆರಡೂ ಜನ ಒಂದೇ ಪಂಕ್ತಿಯಲ್ಲಿ ಕೂರಬೇಕು, ನೀರಿನ ಕ್ಯಾನು ಒಂದೇ. ಇದಕ್ಕೆ ಒಪ್ಪದವನು ಎಂಥ ರೈಡರ್ ಆದರೂ ಬೇಡ.

ಮ್ಯಾಚಿನ ಹೊತ್ತಿನಲ್ಲಿ

ನಿಯಮದ ಪ್ರಕಾರ ಒಂದೊಂದು ಹಾಫಿಗೆ 20 ನಿಮಿಷ, ನಡುವೆ 5 ನಿಮಿಷ ಬಿಡುವು, ಹಾಫಿಗೆ 30 ಸೆಕೆಂಡಿನ ಎರಡು ಟೈಮ್‌ಔಟು. ಊರ ಟೂರ್ನಿಗಳಲ್ಲಿ ಹಾಫಿನ ಹೊತ್ತನ್ನು ಕಡಿಮೆ ಮಾಡುವುದುಂಟು. 30 ಸೆಕೆಂಡಿನಲ್ಲಿ ಎಲ್ಲರೂ ಮಾತಾಡಿದರೆ ಯಾರೂ ಮಾತಾಡಿದ ಹಾಗಲ್ಲ. ಕೋಚ್ ಒಬ್ಬರೇ, ಎರಡೇ ವಿಷಯ: ಮುಂದಿನ ರೈಡು ಯಾರು, ಎದುರಾಳಿಯ ಯಾವ ರೈಡರಿಗೆ ಯಾವ ಕಡೆ ಬಿಡಬಾರದು. ಬಿಡುವಿನಲ್ಲಿ ಮೊದಲ ಒಂದು ನಿಮಿಷ ನೀರು ಮಾತ್ರ, ಮಾತಿಲ್ಲ. ಆ ಒಂದು ನಿಮಿಷ ಬಾಯಿ ಕಟ್ಟಿದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಔಟಾಗಿ ಕೂತವರು ಒಳಗಿರುವವರನ್ನು ಹೆಸರು ಹಿಡಿದು ಬೈಯಬಾರದು. ಅಂಪೈರ್ ಹತ್ತಿರ ಹೋಗುವವನು ಕ್ಯಾಪ್ಟನ್ ಒಬ್ಬನೇ. ಹಸಿರು ಕಾರ್ಡು ಎಚ್ಚರಿಕೆ, ಹಳದಿ ಬಂದರೆ ಎರಡು ನಿಮಿಷ ಹೊರಗೆ. ಆ ಎರಡು ನಿಮಿಷದಲ್ಲಿ ಆಲ್‌ಔಟ್ ಆಗಿ ಮ್ಯಾಚೇ ಹೋಗಬಹುದು.

ಕ್ಯಾಪ್ಟನ್ ಯಾರೆಂದು ಚೀಟಿ ಹಾಕಿ ಆರಿಸಿ. ಅಮೆರಿಕದ ಎಷ್ಟೋ ತಂಡಗಳಲ್ಲಿಯೂ ಆಟಗಾರರೇ ಮತ ಹಾಕುತ್ತಾರೆ. ಸಾಧ್ಯವಾದರೆ ಡಿಫೆಂಡರ್ ಇರಲಿ: ರೈಡರ್ ಸಿಕ್ಕಿಬಿದ್ದು ಬಹಳ ಹೊತ್ತು ಹೊರಗೇ ಕೂತಿರುತ್ತಾನೆ.

ಮ್ಯಾಚ್ ಆದಮೇಲೆ

ನಮಗೆ ಲಾಕರ್ ರೂಮಿಲ್ಲ. ಹೋಗಿ ಬರುವ ಗಾಡಿ ಮತ್ತು ವಾಟ್ಸಾಪ್ ಗ್ರೂಪು, ಇವೆರಡೇ. ಗಾಡಿಯಲ್ಲಿ ಸೋಲಿನ ಮಾತು ಬೇಡ, ಮಾರನೇ ಸಂಜೆ ಮೈದಾನದಲ್ಲಿ ಆಡಿ. ಯಾರೋ ಜಾರಿ ಬಿದ್ದ ವಿಡಿಯೊ, ಒಬ್ಬನೇ ರೈಡರಿನ ರೀಲ್ಸು ಗ್ರೂಪಿಗೆ ಹಾಕಬೇಡಿ. ಪೂರ್ತಿ ಮ್ಯಾಚಿನ ವಿಡಿಯೊ ಇದ್ದರೆ ಒಂದು ದಿನ ಬಿಟ್ಟು ಹಾಕಿ.

ಯಾರನ್ನಾದರೂ ತೆಗೆಯಲೇಬೇಕಾದರೆ ಕ್ಯಾಪ್ಟನ್ ಮತ್ತು ಲೆಕ್ಕ ಬರೆಯುವವನು ಇಬ್ಬರೂ ಅವನ ಮನೆಗೆ ಹೋಗಿ ಹೇಳಿ, ಅಲ್ಲಿಯವರೆಗಿನ ಅವನ ಪಾಲನ್ನು ಅವತ್ತೇ ಕೈಗಿಟ್ಟು ಬನ್ನಿ. ಗ್ರೂಪಿನಿಂದ ತೆಗೆಯುವುದು ಅದಾದ ಮೇಲೆ.