ಚೀಟಿಯ ಪ್ರಶ್ನೆ ಮನೆಗೆ, ಉತ್ತರ ಭಾನುವಾರ ಶಾಲೆಗೆ

ನಮ್ಮ ಚರ್ಚಿನ ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಹೋಂವರ್ಕ್ ಇಲ್ಲ, ಚೀಟಿ ಇದೆ. ಅಂಗೈ ಅಗಲದ ಕಾಗದದ ಮೇಲೆ ಒಂದೇ ಒಂದು ಪ್ರಶ್ನೆ. ಅದರ ಉತ್ತರ ಪಾಠದ ಪುಸ್ತಕದಲ್ಲಿ ಇರುವುದಿಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಚೀಟಿ ಬರೆದ ನನಗೂ ಗೊತ್ತಿರುವುದಿಲ್ಲ. ಮನೆಯವರನ್ನೇ ಕೇಳಬೇಕು. "ನನಗೆ ದೀಕ್ಷಾಸ್ನಾನವಾದ ದಿನ ನನ್ನನ್ನು ಎತ್ತಿಕೊಂಡಿದ್ದವರು ಯಾರು?" "ಅಜ್ಜಿಗೆ ಎಲ್ಲಕ್ಕಿಂತ ಇಷ್ಟದ ಗೀತೆ ಯಾವುದು, ಯಾಕೆ?" "ಅಪ್ಪನಿಗೆ ಯಾವತ್ತಾದರೂ ದೇವರ ಮೇಲೆ ಸಿಟ್ಟು ಬಂದಿತ್ತೇ?"

ವಾರದ ದಿನಗಳಲ್ಲಿ ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಭಾನುವಾರ ಕರಾವಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರ ಶಾಲೆಯ ಉಸ್ತುವಾರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಈ ಭಾಗದಲ್ಲಿ ಹುಟ್ಟಿಕೊಂಡ ಸಭೆಗಳ ಪೈಕಿ ನಮ್ಮದೂ ಒಂದು. ಹಿಂದಿನ ತಲೆಮಾರಿನವರು ಹಂಚಿನ ಕಾರ್ಖಾನೆಯಲ್ಲೋ ನೇಯ್ಗೆಯಲ್ಲೋ ದುಡಿದವರು. ಈಗಿನ ಅಪ್ಪ ಅಮ್ಮಂದಿರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗಲ್ಫ್‌ನಲ್ಲಿ ಇದ್ದಾರೆ.

ನಾನು ಈ ಹೊಣೆ ವಹಿಸಿಕೊಂಡಾಗ ಎರಡು ಕಡೆಯಿಂದಲೂ ಒಂದೇ ದೂರು ಬರುತ್ತಿತ್ತು. "ಮನೆಯಲ್ಲಿ ಏನೂ ಹೇಳಿಕೊಡುವುದಿಲ್ಲ, ಮಕ್ಕಳಿಗೆ ಕರ್ತನ ಪ್ರಾರ್ಥನೆಯೂ ಪೂರ್ತಿ ಬರುವುದಿಲ್ಲ" ಎಂದು ಶಿಕ್ಷಕಿಯರು. "ಇಷ್ಟು ವರ್ಷ ಕಳುಹಿಸಿದೆವು, ಹುಡುಗನಿಗೆ ಕರ್ತನ ಪ್ರಾರ್ಥನೆಯೂ ಬರುವುದಿಲ್ಲ, ಅಲ್ಲಿ ಏನು ಕಲಿಸುತ್ತೀರಿ?" ಎಂದು ಹೆತ್ತವರು. ಗಣಿತಕ್ಕೆ ಟ್ಯೂಷನ್‌ಗೆ ಹಾಕಿದಂತೆ ದೇವರ ವಿಷಯಕ್ಕೆ ಭಾನುವಾರ ಶಾಲೆಗೆ ಹಾಕುವುದು, ಫಲಿತಾಂಶ ಬರದಿದ್ದರೆ ಶಿಕ್ಷಕರನ್ನು ಕೇಳುವುದು. ವಾರಕ್ಕೆ ಒಂದು ಗಂಟೆ ಸಿಗುವ ತರಗತಿ ಅದು. ಹಾಜರಿ ಕರೆದು, ಹಾಡು ಮುಗಿಸಿ, ಕಾಣಿಕೆ ಎತ್ತುವಷ್ಟರಲ್ಲಿ ಉಳಿಯುವುದು ಅರ್ಧ ಗಂಟೆ.

ಹೆತ್ತವರನ್ನು ಪೂರ್ತಿ ದೂರಲೂ ಆಗದು. ಭಾನುವಾರ ಶಾಲೆ ಹುಟ್ಟಿದ್ದೇ ಮನೆಯಲ್ಲಿ ಕಲಿಸುವವರಿಲ್ಲದ ಮಕ್ಕಳಿಗಾಗಿ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಶುರುಮಾಡಿದಾಗ ಅಲ್ಲಿಗೆ ಬಂದವರು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳು. ಅವರಿಗೆ ಅಕ್ಷರ ಕಲಿಸುವುದೇ ಅಲ್ಲಿ ದೊಡ್ಡ ಕೆಲಸವಾಗಿತ್ತು. ಅದಕ್ಕೂ ಎರಡೂವರೆ ಶತಮಾನ ಹಿಂದೆ, 1529ರಲ್ಲಿ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದಾಗ ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳ ತಲೆಬರಹದಲ್ಲೇ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಲಿ ಎಂದು ಬರೆದಿದ್ದ. ದೃಢೀಕರಣದ (ಶಿಶುವಾಗಿದ್ದಾಗ ದೀಕ್ಷಾಸ್ನಾನವಾದವರು ಬೆಳೆದ ಮೇಲೆ ತಮ್ಮ ವಿಶ್ವಾಸವನ್ನು ತಾವೇ ಒಪ್ಪಿ ಹೇಳುವ ವಿಧಿ) ತರಗತಿಯಲ್ಲಿ ನಾವು ಇಂದಿಗೂ ಕಲಿಸುವುದು ಇವೇ ಮೂರನ್ನು. ಮನೆಗೆಂದು ಹೊರಟ ಪಾಠ ನಿಧಾನವಾಗಿ ದೇವಾಲಯದ ಹಿಂಬದಿಯ ಕೋಣೆಗೆ ಬಂದು ಕುಳಿತಿದೆ. ಅದನ್ನು ತಿರುಗಿ ಮನೆಗೆ ಕಳುಹಿಸುವುದು ಹೇಗೆ ಎಂಬುದೇ ನನ್ನ ತಲೆಬಿಸಿ.

ಯೋಚನೆಗೆ ದಾರಿ ಸಿಕ್ಕಿದ್ದು ಬೈಬಲಿನ ಯೆಹೋಶುವನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದ ಮೇಲೆ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತಂದು ನಿಲ್ಲಿಸುತ್ತಾರೆ. ಮುಂದೆ ಮಕ್ಕಳು ಈ ಕಲ್ಲುಗಳು ಏನು ಎಂದು ಕೇಳಿದಾಗ ತಂದೆಯರು ಉತ್ತರ ಹೇಳಬೇಕು ಎಂಬುದು ಅಲ್ಲಿನ ಏರ್ಪಾಡು. ಅಲ್ಲಿ ಪ್ರಶ್ನೆ ಕೇಳುವವರು ಮಕ್ಕಳು, ದೊಡ್ಡವರಲ್ಲ. ನಾವು ಮಾಡುತ್ತಿದ್ದದ್ದು ಸರಿಯಾಗಿ ಅದರ ವಿರುದ್ಧ. ಉತ್ತರವನ್ನು ಕಂಠಪಾಠ ಮಾಡಿಸಿ ಮನೆಗೆ ಕಳುಹಿಸುವುದು, ಅಲ್ಲಿ ಅಮ್ಮ ಅದನ್ನು ಒಪ್ಪಿಸಿಕೊಂಡು ಸಹಿ ಹಾಕುವುದು. ಈ ಏರ್ಪಾಡಿನಲ್ಲಿ ಅಮ್ಮನಿಗೆ ಪರೀಕ್ಷಕಿಯ ಕೆಲಸ, ಅಪ್ಪನಿಗೆ ಅದೂ ಇಲ್ಲ.

ಚೀಟಿಗೆ ನಾವು ಇಟ್ಟುಕೊಂಡಿರುವ ಕಟ್ಟುಪಾಡುಗಳು ಬಹಳವಿಲ್ಲ. ಸಹಿ ಬೇಡ, ಅಂಕ ಬೇಡ, ಉತ್ತರ ಬರೆದುಕೊಂಡು ಬರಬೇಕೆಂದೂ ಇಲ್ಲ. ಕೇಳಿ ಬಂದು ಬಾಯಲ್ಲಿ ಹೇಳಿದರೆ ಸಾಕು. ಮರೆತು ಬಂದ ಮಗುವನ್ನು ಯಾಕೆ ಎಂದು ಕೇಳುವಂತಿಲ್ಲ. ಇನ್ನೊಂದು, ಪ್ರಶ್ನೆ ಕನ್ನಡದಲ್ಲೇ ಇರಬೇಕು. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಕನ್ನಡ ಮಾತನಾಡುತ್ತಾರೆ, ಓದಲು ತಡವರಿಸುತ್ತಾರೆ. ಹಾಗಾಗಿ ಚೀಟಿ ಓದಿಸಲಿಕ್ಕಾದರೂ ಅವರು ಅಜ್ಜಿಯ ಬಳಿ ಹೋಗಲೇಬೇಕು. ಓದಿದ ಅಜ್ಜಿ ಸುಮ್ಮನೆ ಕೂರುವವರಲ್ಲ. ಇಂಗ್ಲಿಷಿನಲ್ಲೂ ಕೊಡಿ ಎಂದು ಕೆಲವು ತಾಯಂದಿರು ಕೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಗೀತೆಯ ಪ್ರಶ್ನೆ ಕೊಟ್ಟ ವಾರ ನಾಲ್ಕನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಅಜ್ಜಿಯ ಇಷ್ಟದ ಗೀತೆಯ ಮೊದಲ ಸಾಲನ್ನು ಹಾಡಿದ. ಜರ್ಮನ್ ರಾಗದ ಹಳೆಯ ಗೀತೆ, ಅದನ್ನು ಇವನು ಸಿನಿಮಾ ಹಾಡಿನ ಓಟದಲ್ಲಿ ಹಾಡಿದ್ದರಿಂದ ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ. "ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಗೂಡಿನ ಹತ್ತಿರ ಕೆಲಸ ಮಾಡುವಾಗ ಕೈ ಸುಟ್ಟುಕೊಂಡರಂತೆ. ಮೂರು ತಿಂಗಳು ಸಂಬಳ ಇರಲಿಲ್ಲವಂತೆ. ಆಗ ಅಜ್ಜಿ ರಾತ್ರಿ ಇದನ್ನು ಹಾಡುತ್ತಿದ್ದರಂತೆ. ಅಕ್ಕಿ ಕಮ್ಮಿ ಇದ್ದ ದಿನ ಜೋರಾಗಿ ಹಾಡುತ್ತಿದ್ದರಂತೆ" ಎಂದ. ಅಕ್ಕಿ ಕಮ್ಮಿ ಇದ್ದ ದಿನ ಜೋರಾಗಿ ಹಾಡುವುದು ಎಂದರೆ ಏನು ಎಂದು ನಾನು ತರಗತಿಯನ್ನು ಕೇಳಿದೆ. ಆ ದಿನ ನಾನು ಸಿದ್ಧ ಮಾಡಿಕೊಂಡು ಬಂದಿದ್ದ ಪಾಠ ಚೀಲದಲ್ಲೇ ಉಳಿಯಿತು. ಮುಂದಿನ ಭಾನುವಾರ ಆ ಅಜ್ಜಿ ತಾವಾಗಿಯೇ ಬಂದು ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತು ಗೀತೆಯನ್ನು ಸರಿಯಾದ ರಾಗದಲ್ಲಿ ಕಲಿಸಿದರು. ಅಷ್ಟೊಂದು ವರ್ಷ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತವರನ್ನು ನಮ್ಮಲ್ಲಿ ಯಾರೂ ಕಲಿಸಲು ಕರೆದಿರಲಿಲ್ಲ.

ಎಲ್ಲ ಮನೆಗಳೂ ಹೀಗಿರುವುದಿಲ್ಲ. ಕೆಲವು ಮನೆಗಳಲ್ಲಿ ತಾಯಿ ಸಭೆಯವರು, ತಂದೆ ಬೇರೆ ಧರ್ಮದವರು. ಕೆಲವು ಮನೆಗಳಲ್ಲಿ ಅಪ್ಪ ಕ್ರೈಸ್ತರೇ ಆದರೂ ದೇವಾಲಯಕ್ಕೆ ಬರುವುದನ್ನು ಬಿಟ್ಟವರು. ಚೀಟಿ ಬರೆಯುವಾಗ ಆ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳುತ್ತೇನೆ. "ನಿಮ್ಮ ಮನೆಯಲ್ಲಿ ದಿನಾಲೂ ಪ್ರಾರ್ಥನೆ ಮಾಡುತ್ತೀರಾ?" ಎಂದು ಕೇಳುವುದಿಲ್ಲ, ಅದು ತಪಾಸಣೆ. "ಅಪ್ಪ ಚಿಕ್ಕವರಿದ್ದಾಗ ಅವರ ಅಮ್ಮ ಹೇಳಿಕೊಟ್ಟ ಮರೆಯದ ಮಾತು ಯಾವುದು?" ಎಂದು ಕೇಳಬಹುದು. ಮಗು ಅಪ್ಪನ ಉತ್ತರವನ್ನು ಹೆಮ್ಮೆಯಿಂದ ತರುವಂತಿರಬೇಕು. ತಂದೆಯೆದುರು ಮಗುವನ್ನು ನಿಲ್ಲಿಸಿ ಸಭೆ ಗೆಲ್ಲುವ ಆಟ ನನಗೆ ಬೇಡ.

ಕುವೈತ್‌ನಲ್ಲಿರುವ ತಂದೆಯೊಬ್ಬರು ಪ್ರತಿ ಚೀಟಿಗೂ ವಾಟ್ಸ್ಆಪ್‌ನಲ್ಲಿ ಧ್ವನಿಸಂದೇಶ ಕಳುಹಿಸುತ್ತಾರೆ. ಅಲ್ಲಿ ವಾರದ ರಜೆ ಶುಕ್ರವಾರ, ಆರಾಧನೆಯೂ ಶುಕ್ರವಾರವೇ. ಆರಾಧನೆ ಮುಗಿಸಿ ಬಂದು ಮಗಳ ಪ್ರಶ್ನೆಗೆ ಉತ್ತರ ಹೇಳುತ್ತಾರೆ, ಹಿಂದಿನಿಂದ ಏಸಿಯ ಸದ್ದು. ಅವಳು ಭಾನುವಾರ ಅದನ್ನು ನಮಗೆ ಕೇಳಿಸುತ್ತಾಳೆ. ಊರಲ್ಲೇ ಇರುವ ಎಷ್ಟೋ ಅಪ್ಪಂದಿರಿಗಿಂತ ಅವರ ಪರಿಚಯ ನಮ್ಮ ತರಗತಿಗೆ ಹೆಚ್ಚು. ಆದರೆ ಹೆತ್ತವರ ವಾಟ್ಸ್ಆಪ್ ಗುಂಪಿನ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವಿಲ್ಲ. ಗುಲಾಬಿ ಹೂವಿನ ಮೇಲೆ ವಚನ ಬರೆದ ಚಿತ್ರಗಳು ದಿನಕ್ಕೆ ಹತ್ತು ಬರುತ್ತವೆ, ಮಗುವಿನ ಬಗ್ಗೆ ಮಾತು ಒಂದೂ ಬರುವುದಿಲ್ಲ. ಈಗ ಅದು ಸೂಚನೆಗಳಿಗೆ ಮಾತ್ರ.

ಚೀಟಿಯ ಜೊತೆಗೆ ಇನ್ನೊಂದು ಬದಲಾವಣೆಗೆ ಸಭಾಪಾಲಕರ (ಪಾದ್ರಿಗಳ) ಸಹಕಾರ ಬೇಕಾಯಿತು. ಮೊದಲು ಮಕ್ಕಳು ಪಾಠದ ಪುಸ್ತಕದಂತೆ ಯೋನನ ಕಥೆ ಕಲಿಯುತ್ತಿದ್ದರು, ಅದೇ ಹೊತ್ತಿಗೆ ದೊಡ್ಡವರು ಆರಾಧನೆಯಲ್ಲಿ ಬೇರೇನೋ ಕೇಳುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಮಾತನಾಡಲು ಇಬ್ಬರಿಗೂ ಸೇರಿದ ವಿಷಯವೇ ಇರುತ್ತಿರಲಿಲ್ಲ. ಈಗ ಸಭಾಪ್ರಾಂತ್ಯದ (ಡಯಾಸಿಸ್‌ನ) ವಾಚನಗಳ ಪಟ್ಟಿಯನ್ನು, ಅಂದರೆ ಆಯಾ ಭಾನುವಾರ ಆರಾಧನೆಯಲ್ಲಿ ಓದುವ ಬೈಬಲ್ ಭಾಗಗಳ ಪಟ್ಟಿಯನ್ನು, ಮುಂದಿಟ್ಟುಕೊಂಡು, ಸುವಾರ್ತೆಯ ಭಾಗ ಮಕ್ಕಳಿಗೆ ಹೊಂದುವಂತಿದ್ದರೆ ತರಗತಿಯಲ್ಲೂ ಅದನ್ನೇ ತೆಗೆದುಕೊಳ್ಳುತ್ತೇವೆ. ಹೊಂದದಿದ್ದರೆ ಪುಸ್ತಕದ ಪಾಠ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಪಟ್ಟಿ ಬದಿಗೆ ಸರಿಯುತ್ತದೆ. ಪರೀಕ್ಷೆ ಬೇಕೇ ಎಂಬ ಚರ್ಚೆ ಪ್ರತಿ ವರ್ಷ ಏಳುತ್ತದೆ, ಪ್ರತಿ ವರ್ಷ ಬಹುಮಾನದ ಆಸೆಗೆ ಮುಳುಗುತ್ತದೆ. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋಗುವ ಕುರುಬನ ಸಾಮ್ಯ (ಯೇಸು ಹೇಳಿದ ದೃಷ್ಟಾಂತಕಥೆ) ಬಂದ ಭಾನುವಾರ ಒಬ್ಬ ಹುಡುಗಿ ಆಟೋದಲ್ಲೇ ಅಮ್ಮನನ್ನು ಕೇಳಿದಳಂತೆ: "ಆ ತೊಂಬತ್ತೊಂಬತ್ತು ಕುರಿಗಳನ್ನು ಯಾರು ನೋಡಿಕೊಂಡರು? ಸಭಾಪಾಲಕರು ಹೇಳಲೇ ಇಲ್ಲ." ಅಮ್ಮ ಮರುದಿನ ಫೋನ್ ಮಾಡಿ ನನ್ನನ್ನು ಕೇಳಿದರು. ನಾನು ಸಭಾಪಾಲಕರಿಗೆ ದಾಟಿಸಿದೆ. ಅವರು ನಕ್ಕು, "ಇದಕ್ಕೆ ಇನ್ನೊಂದು ಪ್ರಸಂಗವೇ (ಆರಾಧನೆಯ ಉಪದೇಶವೇ) ಬೇಕು" ಎಂದರು.

ಹೆತ್ತವರ ಸಭೆಯನ್ನೂ ಬೇರೆ ಕಡೆಗೆ ಸಾಗಿಸಿದೆವು. ಆರಾಧನೆಯ ನಂತರ ಕರೆದರೆ ಎಲ್ಲರ ಮನಸ್ಸೂ ಮನೆಯ ಮೀನು ಸಾರಿನ ಮೇಲೆ. ಈಗ ಹತ್ತಿರ ಹತ್ತಿರದ ನಾಲ್ಕೈದು ಕುಟುಂಬಗಳು ಯಾವುದಾದರೂ ಒಂದು ಮನೆಯಲ್ಲಿ ಸಂಜೆ ಸೇರುತ್ತವೆ. ಶಿಕ್ಷಕಿ ಹೋಗುತ್ತಾರೆ, ಭಾಷಣವಿಲ್ಲ. ಅಲ್ಲಿ ಬರುವ ಮಾತುಗಳು ದೇವಾಲಯದ ಆವರಣದಲ್ಲಿ ಬರುವುದಿಲ್ಲ. ಭಾನುವಾರ ಬೆಳಿಗ್ಗೆಯೇ ಕ್ರಿಕೆಟ್ ಕೋಚಿಂಗ್ ಇದೆ, ಏನು ಮಾಡಲಿ? ದೃಢೀಕರಣ ಆದ ಮೇಲೆ ಮಗ ದೇವಾಲಯದ ಕಡೆ ತಲೆಯೇ ಹಾಕುವುದಿಲ್ಲ. ಅಂಥ ಒಂದು ಸಂಜೆ ಲಾರಿ ಮಾಲೀಕರಾದ ತಂದೆಯೊಬ್ಬರು ಎಲ್ಲರೂ ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು: "ಟೀಚರ್, ನನಗೆ ಬಾಯಿಬಿಟ್ಟು ಪ್ರಾರ್ಥನೆ ಮಾಡಲು ಬರುವುದಿಲ್ಲ. ಸಭಾಪಾಲಕರ ಹಾಗೆ ಮಾತು ಬರುವುದಿಲ್ಲ. ಮಗನ ಎದುರು ನಾಚಿಕೆಯಾಗುತ್ತದೆ." ಉಳಿದ ಗಂಡಸರು ಸುಮ್ಮನಾದರು, ಎಲ್ಲರದೂ ಅದೇ ಕಥೆ ಎಂದು ನನಗೆ ಅರ್ಥವಾಯಿತು. ಉದ್ದದ ಪ್ರಾರ್ಥನೆಯನ್ನು ನಾವೇ ಮಾದರಿಯಾಗಿ ನಿಲ್ಲಿಸಿದ್ದೇವೆ. ಅವರಿಗೆ ಹೇಳಿಕೊಟ್ಟದ್ದು ಮೂರು ವಾಕ್ಯ: ಇವತ್ತಿನ ಒಂದು ವಿಷಯಕ್ಕೆ ಕೃತಜ್ಞತೆ, ಒಂದು ವಿಷಯಕ್ಕೆ ಕ್ಷಮೆ, ನಾಳೆಗೆ ಒಂದು ಬೇಡಿಕೆ. ದೀಪ ಆರಿಸಿದ ಮೇಲೆ ಹೇಳಿ, ಮುಖ ಕಾಣುವುದಿಲ್ಲ ಎಂದೆ. ಅಪ್ಪ ಲಾರಿಯ ಟೈರಿಗೆ ಕೂಡ ಪ್ರಾರ್ಥನೆ ಮಾಡುತ್ತಾರೆ ಎಂದು ಆ ಮಗ ತರಗತಿಯಲ್ಲಿ ವರದಿ ಒಪ್ಪಿಸಿದ.

ದೃಢೀಕರಣದ ತರಗತಿಗೆ ಈಗ ಹೆತ್ತವರೂ ಕೆಲವು ದಿನ ಬಂದು ಕೂರಬೇಕು. ಶಿಶುವಿಗೆ ದೀಕ್ಷಾಸ್ನಾನ ಕೊಡಿಸುವಾಗ ತಂದೆತಾಯಿ ಮಗುವನ್ನು ವಿಶ್ವಾಸದಲ್ಲಿ ಬೆಳೆಸುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ಸಭೆಯೂ ಮಾತು ಕೊಟ್ಟಿರುತ್ತದೆ. ಆ ಭಾಗವನ್ನು ಹದಿಹರೆಯದ ಮಕ್ಕಳ ಎದುರು ಹೆತ್ತವರಿಂದಲೇ ಓದಿಸುತ್ತೇವೆ. ಮಕ್ಕಳು ತಮ್ಮ ಬಗ್ಗೆ ಹೀಗೊಂದು ಒಪ್ಪಂದವಾಗಿತ್ತು ಎಂದು ತಿಳಿದು ಹುಬ್ಬೇರಿಸುತ್ತಾರೆ. ಒಬ್ಬಳಂತೂ "ಇದರಲ್ಲಿ ಎಷ್ಟು ಮಾಡಿದ್ದೀರಿ?" ಎಂದು ಅಲ್ಲಿಯೇ ಕೇಳಿಬಿಟ್ಟಳು. ಅವಳ ಅಮ್ಮನಿಗೆ ನನ್ನ ಮೇಲೆ ಸ್ವಲ್ಪ ದಿನ ಮುನಿಸಿತ್ತು.

ಹೆತ್ತವರು ನಮ್ಮನ್ನು ನಂಬಬೇಕಾದರೆ ನಾವೂ ಕೆಲವು ವಿಷಯಗಳಲ್ಲಿ ಬಿಗಿಯಾಗಿರಬೇಕು. ಯಾವ ತರಗತಿಯಲ್ಲೂ ಒಬ್ಬರೇ ದೊಡ್ಡವರು ಇರುವಂತಿಲ್ಲ. ಬಾಗಿಲು ತೆರೆದೇ ಇರುತ್ತದೆ. ಮಕ್ಕಳ ಫೋಟೊವನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆ ಎಂದು ಒಳಗೇ ಮುಚ್ಚಿಡುವ ಪ್ರಶ್ನೆಯೇ ಇಲ್ಲ ಎಂದು ಶಿಕ್ಷಕಿಯರಿಗೂ ಹೆತ್ತವರಿಗೂ ಒಟ್ಟಿಗೆ ಕೂರಿಸಿ ಹೇಳಿದ್ದೇವೆ. ಹಿರಿಯರಲ್ಲಿ ಕೆಲವರಿಗೆ ದೇವಾಲಯದೊಳಗೆ ಇಂಥ ಮಾತೇಕೆ ಎನ್ನಿಸಿತು. ತಾಯಂದಿರಿಗೆ ಹಾಗೆ ಅನ್ನಿಸಲಿಲ್ಲ.

ಬೇರೆ ಸಭೆಯವರು ಚೀಟಿಗಳ ಪಟ್ಟಿ ಕೊಡಿ ಎಂದು ಕೇಳುತ್ತಾರೆ. ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ. ನಿಮ್ಮ ಊರಿನ ಮನೆಗಳು ಬೇರೆ. ಗದಗದ ಕಡೆಯ ಸಭೆಯಲ್ಲಿ ಹಂಚಿನ ಕಾರ್ಖಾನೆಯ ಬದಲು ಹೊಲ, ಮಳೆ, ಸಾಲ ಬರಬಹುದು. ಶುರು ಮಾಡುವುದಾದರೆ ಏಪ್ರಿಲ್ ಮೇ ತಿಂಗಳ ವಿ.ಬಿ.ಎಸ್. (ಮಕ್ಕಳ ರಜಾಕಾಲದ ಬೈಬಲ್ ಶಾಲೆ) ಮುಗಿದ ಕೂಡಲೇ ಬೇಡ, ಆಗ ಎಲ್ಲರೂ ದಣಿದಿರುತ್ತಾರೆ. ಜೂನ್ ಕಳೆಯಲಿ, ಶಾಲೆಯ ಗಡಿಬಿಡಿ ಇಳಿಯಲಿ. ಮೊದಲ ಚೀಟಿಯನ್ನು ಮಕ್ಕಳಿಗೆ ಕೊಡುವ ಮುಂಚೆ ಶಿಕ್ಷಕಿಯರು ತಮ್ಮ ತಮ್ಮ ಮನೆಯಲ್ಲಿ ಕೇಳಿ ಉತ್ತರ ತರಲಿ. ತಾವೇ ಕೇಳಲು ಮುಜುಗರಪಡುವ ಪ್ರಶ್ನೆಯನ್ನು ಮಗುವಿನ ಕೈಗೆ ಕೊಡಬಾರದು. ಸಭಾಪಾಲಕರ ಮನೆಗೂ ಚೀಟಿ ಹೋಗಲಿ. ನಮ್ಮಲ್ಲಿ ಹೋಗುತ್ತದೆ. ಉತ್ತರ ತರುವುದರಲ್ಲಿ ಅವರ ಮಗಳೇ ಎಲ್ಲರಿಗಿಂತ ಹಿಂದೆ. "ಅಪ್ಪ ಭಾನುವಾರದ ಪ್ರಸಂಗ ಬರೆಯುತ್ತಾ ಇದ್ದರು, ಕೇಳಲು ಆಗಲಿಲ್ಲ" ಎನ್ನುತ್ತಾಳೆ.